ಆಟದ ಹಿಮ್ಮೇಳ

ಆಟದ ಹಿಮ್ಮೇಳ: ವಿಡಿಯೊ ಗೇಮ್ ಆಡುವವನ ನಡೆಯನ್ನು ನೋಡಿಕೊಂಡು ಅದರ ಜೊತೆಗೇ ಸಾಗುವ ಸಂಗೀತ. ಇದಕ್ಕೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ಸಿನಿಮಾದಿಂದ ತಂದ ‘ಹಿನ್ನೆಲೆ ಸಂಗೀತ’ ಎಂಬ ಮಾತೇ ಬಳಕೆಯಲ್ಲಿದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ಕಡೆ ‘ಆಟ’ ಎಂದರೆ ಮಕ್ಕಳ ಆಟವೂ ಹೌದು, ಯಕ್ಷಗಾನವೂ ಹೌದು. ‘ಇವತ್ತು ಆಟ ಎಲ್ಲಿ?’ ಎಂದು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಯಾವ ಊರಿನ ಗದ್ದೆಯಲ್ಲಿ ರಂಗಸ್ಥಳ ಕಟ್ಟಿದ್ದಾರೆ, ಯಾವ ಮೇಳ, ಭಾಗವತರು ಯಾರು ಎಂದು ಉತ್ತರ ಬರುತ್ತದೆ. ಆ ಆಟದ ಸಂಗೀತಕ್ಕೆ ಇಲ್ಲಿನವರು ಇಟ್ಟ ಹೆಸರು ಹಿಮ್ಮೇಳ. ವಿಡಿಯೊ ಗೇಮಿನ ಸಂಗೀತ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದಕ್ಕೂ ಇದೇ ಹೆಸರು ಸರಿಯಾಗಿ ಕೂರುತ್ತದೆ. ಈ ಲೇಖನದಲ್ಲಿ ಎರಡನ್ನೂ ಜೊತೆಗಿಟ್ಟು ನೋಡಲಾಗಿದೆ.

ಸಿನಿಮಾದ ಸಂಗೀತಗಾರನಿಗೆ ದೃಶ್ಯ ಎಷ್ಟು ಸೆಕೆಂಡಿನದು ಎಂದು ಮೊದಲೇ ಗೊತ್ತಿರುತ್ತದೆ. ಸಂಕಲನ ಮುಗಿದ ಚಿತ್ರವನ್ನು ಮುಂದಿಟ್ಟುಕೊಂಡು ಅವನು ಸ್ವರ ಕೂಡಿಸುತ್ತಾನೆ. ಆಮೇಲೆ ಸಾವಿರ ಸಲ ತೋರಿಸಿದರೂ ಆ ಸ್ವರ ಅದೇ ಜಾಗದಲ್ಲಿ ಬೀಳುತ್ತದೆ. ಗೇಮಿನಲ್ಲಿ ಹಾಗಲ್ಲ. ಅಣ್ಣ ಹತ್ತು ಸೆಕೆಂಡಿನಲ್ಲಿ ಓಡಿ ದಾಟಿದ ಸೇತುವೆಯ ಮೇಲೆ ತಂಗಿ ಹತ್ತು ನಿಮಿಷ ನಿಂತು ಹೊಳೆ ನೋಡುತ್ತಾಳೆ. ಇಬ್ಬರಿಗೂ ಸಂಗೀತ ಹೊಂದಬೇಕು, ಎಲ್ಲಿಯೂ ತುಂಡಾಗಬಾರದು, ಸೇತುವೆ ದಾಟಿದ ಕೂಡಲೇ ಮುಂದಿನದಕ್ಕೆ ಹೊರಳಬೇಕು. ಮುಂದೇನಾಗುತ್ತದೆ ಎಂದು ತಿಳಿಯದೆ, ಮುಂದೆ ಆಗುವುದಕ್ಕೆಲ್ಲ ಸಿದ್ಧವಾಗಿರಬೇಕಾದ ಸಂಗೀತ ಇದು. ಈ ಕಷ್ಟ ಯಕ್ಷಗಾನದ ಭಾಗವತರಿಗೆ ಹೊಸದೇನಲ್ಲ.

ಬೆನ್ನ ಹಿಂದಿನ ಕಣ್ಣು

ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿಯುವವರು, ಅರ್ಥ ಹೇಳುವವರು ಮುಮ್ಮೇಳ. ಅವರ ಬೆನ್ನ ಹಿಂದೆ ಇರುವವರು ಹಿಮ್ಮೇಳ. ತಾಳ ಹಿಡಿದು ಪದ್ಯ ಹೇಳುವ ಭಾಗವತರು, ಮದ್ದಳೆಯವರು, ಚಂಡೆಯವರು, ಇವರಿಗೆಲ್ಲ ಆಧಾರವಾಗಿ ಶ್ರುತಿ. ಶ್ರುತಿಗೆ ಹಿಂದೆ ಪುಂಗಿ ಊದುತ್ತಿದ್ದರು, ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಭಾಗವತರೇ ಆಟದ ಮೊದಲನೆಯ ವೇಷ ಎಂಬ ಮಾತು ಕರಾವಳಿಯಲ್ಲೆಲ್ಲ ಇದೆ. ಕಥೆ ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂದು ತೀರ್ಮಾನಿಸುವವರು ಅವರೇ.

ಒಂದು ಕ್ಷಣವನ್ನು ನೋಡಿ. ಭಸ್ಮಾಸುರನ ಪದ್ಯದ ಕೊನೆಯ ಸಾಲು ಬಂದಿದೆ. ವೇಷಧಾರಿಗೆ ಕುಣಿತದ ಹುರುಪು ಇನ್ನೂ ಇಳಿದಿಲ್ಲ. ಭುಜಕೀರ್ತಿ ಅದುರುತ್ತಿದೆ, ಎಡಗಾಲು ನೆಲಕ್ಕೆ ಊರಿಲ್ಲ. ಅವನ ಮುಖ ಜನರ ಕಡೆ. ಭಾಗವತರಿಗೆ ಕಾಣುವುದು ಬೆನ್ನು, ಮೊಣಕೈ, ಹಿಮ್ಮಡಿ. ಅಷ್ಟರಿಂದಲೇ ಅವರಿಗೆ ತಿಳಿಯುತ್ತದೆ. ಸಾಲು ಮುಗಿದರೂ ಬಿಡುವುದಿಲ್ಲ, ಅದನ್ನೇ ಮತ್ತೆ ಎತ್ತುತ್ತಾರೆ. ಮತ್ತೊಮ್ಮೆ. ಮೂರನೆಯ ಸಲಕ್ಕೆ ತಾಳ ತುಸು ಬಿಗಿಯಾಗುತ್ತದೆ, ಮದ್ದಳೆಯವರ ಬೆರಳು ಚುರುಕಾಗುತ್ತದೆ, ಚಂಡೆಯವರು ಕೋಲು ಎತ್ತಿ ಕಾಯುತ್ತಾರೆ. ವೇಷಧಾರಿ ಒಂದು ಸುತ್ತು ಹಾಕಿ ಭುಜ ಇಳಿಸಿದ. ಅಷ್ಟು ಸಾಕು. ಸಾಲನ್ನು ಮುಗಿಸುವ ಬಿಡ್ತಿಗೆ ಬೀಳುತ್ತದೆ, ಕಾಲೂ ಚಂಡೆಯೂ ಒಂದೇ ಪೆಟ್ಟಿಗೆ ನಿಲ್ಲುತ್ತವೆ. ಆ ಸಾಲನ್ನು ಎಷ್ಟು ಸಲ ಹೇಳಬೇಕೆಂದು ಪ್ರಸಂಗದ ಪುಸ್ತಕದಲ್ಲಿ ಬರೆದಿಲ್ಲ. ನಾಳೆ ಇನ್ನೊಂದು ಊರಿನಲ್ಲಿ ಅದೇ ಸಾಲಿಗೆ ಒಂದೇ ಸುತ್ತು ಸಾಕಾಗಬಹುದು.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ನೆಲ ಇಂಥ ಹಿಮ್ಮೇಳಕ್ಕೂ ಅದನ್ನು ಮೆರೆಸಿದ ವೇಷಗಳಿಗೂ ಹೆಸರಾದದ್ದು. ಹೊನ್ನಾವರ ತಾಲೂಕಿನ ಗುಣವಂತೆಯ ಬಳಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು, ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ಮುಂದುವರಿಸಿದರು. ಆ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ದಶಕಗಳ ಕಾಲ ಪದ್ಯ ಹೇಳಿದರು. ಕಡತೋಕದ ಮಂಜುನಾಥ ಭಾಗವತರು, ಕರ್ಕಿಯ ಮದ್ದಳೆಗಾರ ಪ್ರಭಾಕರ ಭಂಡಾರಿಯವರು ಇದೇ ನೆಲದವರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರ, ಕೀಚಕಗಳನ್ನು ನೋಡಿದವರು ಕುಣಿತದ ಮಾತೆತ್ತಿದಾಗೆಲ್ಲ ಅಂದು ಭಾಗವತಿಕೆ ಯಾರದು, ಮದ್ದಳೆ ಯಾರದು ಎಂದೂ ಹೇಳುತ್ತಾರೆ. ವೇಷವನ್ನು ಹಿಮ್ಮೇಳದಿಂದ ಬಿಡಿಸಿ ನೆನೆಯುವ ರೂಢಿ ಇಲ್ಲಿಲ್ಲ. ಈ ಪದ್ಧತಿ ಹೊರಗೂ ಹೋಗಿದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುತ್ತದೆ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಅಲ್ಲಿಗೆ ಹೋಗಿದ್ದ ಭಾಗವತ ಮೇಳದ ಆಟ. ಹೊನ್ನಾವರದ ಪಕ್ಕದ ಕರ್ಕಿಯವರು ಅದು ತಮ್ಮೂರ ಮೇಳ ಎಂದು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ನಾಲ್ಕು ಸ್ವರ

ವಿಡಿಯೊ ಗೇಮುಗಳು ಸಂಗೀತವಿಲ್ಲದೆ ಹುಟ್ಟಿದವು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ ತಂದ ‘ಪಾಂಗ್’ನಲ್ಲಿ ಚೆಂಡು ಹಲಗೆಗೆ ಬಡಿದಾಗ ‘ಟಕ್’ ಎಂಬಂಥ ಸದ್ದು ಬರುತ್ತಿತ್ತು, ಸಂಗೀತವಿರಲಿಲ್ಲ. ಆಟಕ್ಕೂ ಸಂಗೀತಕ್ಕೂ ನಿಜವಾದ ನಂಟು ಬೆಳೆದದ್ದು 1978ರಲ್ಲಿ, ಜಪಾನಿನ ತೊಮೊಹಿರೊ ನಿಶಿಕಾಡೊ ಅವರು ತೈಟೊ ಕಂಪನಿಗಾಗಿ ಮಾಡಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ. ಅನ್ಯಗ್ರಹದ ಸೈನ್ಯ ಸಾಲುಸಾಲಾಗಿ ಕೆಳಗಿಳಿಯುತ್ತದೆ. ಜೊತೆಗೆ ಇಳಿಮುಖವಾದ ನಾಲ್ಕೇ ನಾಲ್ಕು ದಪ್ಪ ಸ್ವರಗಳು ಹೆಜ್ಜೆ ಹಾಕಿದಂತೆ ತಿರುತಿರುಗಿ ಬರುತ್ತವೆ. ವೈರಿಗಳನ್ನು ಹೊಡೆದಷ್ಟೂ ಉಳಿದವರು ವೇಗವಾಗಿ ಬರುತ್ತಾರೆ. ತೆರೆಯ ಮೇಲೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಂತೆ ಯಂತ್ರಕ್ಕೆ ಭಾರ ಇಳಿದು ಆಟ ತಾನಾಗಿ ಚುರುಕಾಗುತ್ತಿತ್ತು. ನಿಶಿಕಾಡೊ ಅದನ್ನು ತಿದ್ದಲಿಲ್ಲ, ಹಾಗೇ ಉಳಿಸಿಕೊಂಡರು. ಆ ನಾಲ್ಕು ಸ್ವರಗಳೂ ಜೊತೆಜೊತೆಗೆ ಬಿರುಸಾದವು. ಆಡುತ್ತಿದ್ದವನ ಎದೆಬಡಿತವೂ ಏರಿತು.

ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಪರಿಣಾಮ ಸಾಧಿಸಿದ ಸಂಗೀತ ಗೇಮುಗಳ ಚರಿತ್ರೆಯಲ್ಲಿ ವಿರಳ. ಯುದ್ಧದ ಏರುಪದ್ಯ ಕೇಳಿದವರಿಗೆ ಇದರ ಗುಟ್ಟು ಗೊತ್ತು. ಅಲ್ಲಿಯೂ ಸ್ವರ ಹೆಚ್ಚಾಗುವುದಿಲ್ಲ, ಸಾಹಿತ್ಯ ನಾಲ್ಕಾರು ಸಾಲೇ. ಏರುವುದು ಕಾಲ. ಇಬ್ಬರು ವೇಷಧಾರಿಗಳು ಮೂದಲಿಸಿಕೊಳ್ಳುತ್ತ ಎದುರುಬದುರಾಗಿ, ಮಂಡಿ ಹಾಕಿ ತಿರುಗಿ, ಕೊನೆಗೆ ಕೈಕೈ ಹತ್ತುವ ತನಕ ಚಂಡೆ ಒಂದೊಂದೇ ಮೆಟ್ಟಿಲು ಏರುತ್ತ ಹೋಗುತ್ತದೆ. ಅಪಾಯ ಸಮೀಪಿಸಿದೆ ಎಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

1980ರ ದಶಕದಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರ ಮನೆಮನೆಗೆ ಹೋಯಿತು. ಅದರ ಧ್ವನಿ ಚಿಪ್ಪಿಗೆ ಇದ್ದದ್ದು ಐದು ದಾರಿ: ಸ್ವರ ನುಡಿಸಲು ಎರಡು, ಮಂದ್ರಕ್ಕೆ ಒಂದು, ತಾಳವಾದ್ಯದಂತೆ ಗರಗರ ಎನ್ನಲು ಒಂದು, ಮುದ್ರಿಸಿಟ್ಟ ಚಿಕ್ಕ ಸದ್ದಿಗೆ ಒಂದು. ಕೊಜಿ ಕೊಂಡೊ ಅವರು 1985ರ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಸಂಗೀತ ಕಟ್ಟಿದ್ದು ಇದರಲ್ಲೇ. ಚಿತ್ರ, ನಿಯಮ, ಸಂಗೀತ ಎಲ್ಲ ಸೇರಿ ಇಡೀ ಆಟ ತುಂಬಿದ್ದು 40 ಕಿಲೋಬೈಟಿನಲ್ಲಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗೆ ಅದರ ಎಷ್ಟೋ ಪಟ್ಟು ಜಾಗ ಬೇಕು. ಮಾರಿಯೊ ಓಡುವ ಬಯಲಿಗೆ ಒಂದು ಧಾಟಿ, ನೆಲದಡಿಗೆ ಒಂದು, ನೀರಿನೊಳಗೆ ಒಂದು. ಹೊತ್ತು ಮೀರುತ್ತ ಬಂದು ಗಡಿಯಾರ 100ಕ್ಕಿಂತ ಕೆಳಗಿಳಿದಾಗ ಒಂದು ಎಚ್ಚರಿಕೆಯ ಸ್ವರ ಮೊಳಗಿ, ಅದೇ ಧಾಟಿ ದ್ರುತ ಕಾಲದಲ್ಲಿ ಓಡತೊಡಗುತ್ತದೆ. ಬರೆದು ತೋರಿಸುವ ಅಗತ್ಯವೇ ಬೀಳುವುದಿಲ್ಲ. ಅಕ್ಷರ ಬಾರದ ಮಗುವೂ ಕಾಲಿಗೆ ಬುದ್ಧಿ ಹೇಳುತ್ತದೆ.

ಮುಗಿದ ಕೂಡಲೇ ಮೊದಲಿಗೆ ಮರಳುವ ಇಂಥ ಧಾಟಿಗೆ ಲೂಪ್ ಎನ್ನುತ್ತಾರೆ. ಒಂದು ನಿಮಿಷದ ಸಂಗೀತವನ್ನು ಕೇಳುಗ ನೂರು ಸಲ ಕೇಳಬೇಕಾಗುತ್ತದೆ, ಆದರೂ ಅದು ಹಳಸಬಾರದು. ಇದು ಸುಲಭದ ವಿದ್ಯೆಯಲ್ಲ. ಭಾಗವತರು ಒಂದೇ ಸಾಲನ್ನು ತಿರುಗಿಸುವಾಗ ಪ್ರತಿ ಸುತ್ತಿಗೂ ಸ್ವರವನ್ನು ಎಲ್ಲೋ ಒಂದು ಕಡೆ ಬಾಗಿಸುತ್ತಾರೆ. ಚಿಪ್ಪಿಗೆ ಹಾಗೆ ಸುತ್ತು ಸುತ್ತಿಗೂ ತಾನಾಗಿ ಬದಲಿಸಲು ಬಾರದು. ಹಾಗಾಗಿ ಕೊಂಡೊ ಅಂಥವರು ಚಿಕ್ಕ ಚಿಕ್ಕ ತುಂಡುಗಳನ್ನು ಮಾಡಿ, ಒಂದರ ನಂತರ ಇನ್ನೊಂದು ತುಸು ಅನಿರೀಕ್ಷಿತವಾಗಿ ಬರುವಂತೆ ಜೋಡಿಸಿದರು. 1998ರ ‘ಜೆಲ್ಡಾ: ಒಕರಿನಾ ಆಫ್ ಟೈಮ್’ನ ಬಯಲಿನ ಸಂಗೀತದಲ್ಲಿ ಅವರು ಈ ತುಂಡುಗಳ ಕ್ರಮವನ್ನೇ ಬದಲಾಗಲು ಬಿಟ್ಟರು. ಆಟಗಾರ ನಿಂತರೆ ಶಾಂತ ತುಂಡು, ವೈರಿ ಬಂದರೆ ಬಿರುಸಿನ ತುಂಡು, ಎಲ್ಲವೂ ಒಂದೇ ಹಾಡಿನ ಸಾಲುಗಳಂತೆ ಸೇರಿಕೊಳ್ಳುತ್ತವೆ.

ಚಂಡೆ ಯಾವಾಗ ಸೇರಬೇಕು

ಸಂಗೀತ ಆಟವನ್ನು ‘ನೋಡುವ’ ಬಗೆಯನ್ನು ಯಂತ್ರಕ್ಕೆ ಅಚ್ಚುಕಟ್ಟಾಗಿ ಕಲಿಸಿದವರು ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಕಂಪನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್. ಅವರ ಐಮ್ಯೂಸ್ ಎಂಬ ವ್ಯವಸ್ಥೆ 1991ರಲ್ಲಿ ‘ಮಂಕಿ ಐಲೆಂಡ್ 2’ ಆಟದಲ್ಲಿ ಮೊದಲಿಗೆ ಬಂತು. ಅದರಲ್ಲಿ ವುಡ್‌ಟಿಕ್ ಎಂಬ ಕಡಲ್ಗಳ್ಳರ ಊರು ಬರುತ್ತದೆ. ಊರಿನ ಹಲಗೆದಾರಿಯಲ್ಲಿ ನಡೆಯುವಾಗ ಒಂದು ಧಾಟಿ. ಒಂದು ಮನೆಯ ಬಾಗಿಲು ದಾಟಿದರೆ ಅದೇ ಧಾಟಿ ಆ ಮನೆಯವರ ವಾದ್ಯಕ್ಕೆ, ಗುಣಕ್ಕೆ ಹೊರಳುತ್ತದೆ. ಹೊರಗೆ ಬಂದರೆ ಮತ್ತೆ ದಾರಿಯ ಧಾಟಿ. ಎಲ್ಲಿಯೂ ಕತ್ತರಿಸಿದ ಗುರುತಿಲ್ಲ. ಯಾವ ಸ್ವರದಲ್ಲಿದ್ದಾಗ ಬಾಗಿಲು ತೆರೆದರೂ ಆ ಸ್ವರದಿಂದ ಮುಂದಿನದಕ್ಕೆ ಹೋಗಲು ಒಂದು ಚಿಕ್ಕ ಸಂಪರ್ಕದ ತುಂಡನ್ನು ಮೊದಲೇ ಬರೆದಿಟ್ಟಿದ್ದರು. ಯಕ್ಷಗಾನದಲ್ಲಿ ಒಂದು ತಾಳದಿಂದ ಇನ್ನೊಂದಕ್ಕೆ ಹೋಗುವಾಗ ಮದ್ದಳೆ ಚಂಡೆಗಳು ಮುಕ್ತಾಯ ಹಾಕಿ ದಾರಿ ಮಾಡಿಕೊಡುವುದನ್ನು ಬಲ್ಲವರು ಈ ತುಂಡುಗಳ ಕೆಲಸವನ್ನು ಬೇಗ ಹಿಡಿಯುತ್ತಾರೆ.

ಇನ್ನೊಂದು ವಿಧಾನ ಪದರ ಸೇರಿಸುವುದು. ಧಾಟಿ ಬದಲಾಗುವುದಿಲ್ಲ, ನುಡಿಯುವ ವಾದ್ಯಗಳು ಹೆಚ್ಚುತ್ತವೆ, ಕಡಿಮೆಯಾಗುತ್ತವೆ. 1990ರ ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ ಮಾರಿಯೊ ಯೋಶಿ ಎಂಬ ಪ್ರಾಣಿಯ ಬೆನ್ನೇರಿದ ಕ್ಷಣ ನಡೆಯುತ್ತಿದ್ದ ಸಂಗೀತಕ್ಕೆ ಬಾಂಗೊ ಚರ್ಮವಾದ್ಯ ಕೂಡಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. 2010ರ ‘ರೆಡ್ ಡೆಡ್ ರಿಡೆಂಪ್ಶನ್’ನಲ್ಲಿ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಬಹುಪಾಲು ಸಂಗೀತವನ್ನು ಒಂದೇ ಶ್ರುತಿಯಲ್ಲಿ, ನಿಮಿಷಕ್ಕೆ 130 ಪೆಟ್ಟಿನ ಒಂದೇ ಲಯದಲ್ಲಿ ಮುದ್ರಿಸಿದರು. ಯಾವ ತುಂಡನ್ನು ಯಾವುದರ ಮೇಲೆ ಇಟ್ಟರೂ ಹೊಂದಬೇಕಲ್ಲ. ಕುದುರೆ ನಡೆಯುವಾಗ ಒಂಟಿ ತಂತಿ, ವೈರಿಗಳು ಬೆನ್ನಟ್ಟಿ ಬಂದಾಗ ತಾಳವಾದ್ಯ, ಗುಂಡು ಹಾರಿದಾಗ ಪೂರ್ಣ ಮೇಳ.

ಇದನ್ನು ಓದಿದ ಹೊನ್ನಾವರದವರಿಗೆ ಚಂಡೆಯ ನೆನಪಾಗದೆ ಇರದು. ಈ ಕಡೆಯ ಶೈಲಿಯಾದ ಬಡಗುತಿಟ್ಟಿನ ಆಟದಲ್ಲಿ ಚಂಡೆ ಎಲ್ಲ ಪದ್ಯಕ್ಕೂ ಹೊಡೆಯುವ ವಾದ್ಯವಲ್ಲ. ಸ್ತ್ರೀವೇಷದ ಶೃಂಗಾರಕ್ಕೆ, ದುಃಖದ ಪದ್ಯಕ್ಕೆ ಮದ್ದಳೆಯೊಂದೇ ಸಾಕು, ಅದೂ ಮೆಲ್ಲಗೆ. ವೀರ, ರೌದ್ರ ತಲೆಯೆತ್ತಿದಾಗ ಚಂಡೆ ಸೇರುತ್ತದೆ. ಸೇರುವ ಗಳಿಗೆಯೇ ಅರ್ಥ. ಅಲ್ಲಿಯವರೆಗೆ ಸುಮ್ಮನಿದ್ದ ವಾದ್ಯ ಒಮ್ಮೆಲೇ ಸಿಡಿದಾಗ ಸೀರೆ ಸೆರಗಿನಲ್ಲಿ ತೂಕಡಿಸುತ್ತಿದ್ದ ಮಗು ಎದ್ದು ಕೂರುತ್ತದೆ. ಮೊದಲಿನಿಂದಲೂ ಚಂಡೆ ಹೊಡೆಯುತ್ತಲೇ ಇದ್ದರೆ ಆ ಅರ್ಥ ಹೊರಡುವುದಿಲ್ಲ. ಇತ್ತೀಚಿನ ಕೆಲವು ಆಟಗಳಲ್ಲಿ ಚಪ್ಪಾಳೆಯ ಆಸೆಗೆ ಚಂಡೆಯನ್ನು ಎಲ್ಲೆಂದರಲ್ಲಿ ಸೇರಿಸುವುದನ್ನು ಹಳೆಯ ರಸಿಕರು ಮನಸ್ಸು ನೊಂದು ಆಕ್ಷೇಪಿಸುತ್ತಾರೆ. ಗೇಮುಗಳಿಗೂ ಈ ಆಕ್ಷೇಪ ಸಲ್ಲುತ್ತದೆ. ಚಿಪ್ಪಿನ ಕಾಲದ ಬಡತನ ಕಳೆದು ನೂರು ವಾದ್ಯಗಳ ವೃಂದವೇ ಕೈಗೆ ಸಿಕ್ಕ ಮೇಲೆ ಎಷ್ಟೋ ಆಟಗಳು ಮೊದಲ ನಿಮಿಷದಿಂದಲೇ ಅಬ್ಬರಿಸುತ್ತವೆ, ನಿಜವಾದ ಅಬ್ಬರ ಬೇಕಾದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಶಿವರಾಮ ಕಾರಂತರು ಹಿಮ್ಮೇಳದ ಈ ತೂಕವನ್ನು ಬಹಳ ಯೋಚಿಸಿದವರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಅವರು ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದು ಹಿಮ್ಮೇಳದ ಬಣ್ಣವನ್ನೇ ಬದಲಿಸಿದರು. ಅದು ಸರಿಯೋ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ಯಾವ ವಾದ್ಯ ಯಾವ ಭಾವಕ್ಕೆ ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಎತ್ತಿದ್ದೇ ದೊಡ್ಡದು.

ತೆರೆಯ ಹಿಂದೆ ಯಾರು

ಸಂಗೀತ ಭಾವವನ್ನು ಮೂಡಿಸುವುದಲ್ಲದೆ ಸುದ್ದಿಯನ್ನೂ ಮುಟ್ಟಿಸುತ್ತದೆ. ವೇಷಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗದ ಹೊತ್ತಿಗೆ ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ವೇಷದ ಮುಖ ಕಾಣುವುದಿಲ್ಲ, ಕಿರೀಟದ ತುದಿ ಮಾತ್ರ ಕಂಡೂ ಕಾಣದಂತಿರುತ್ತದೆ. ಹಿಮ್ಮೇಳದ ಪೆಟ್ಟು ಕೇಳಿಯೇ ಬರುವವನು ರಾಜನೋ ರಾಕ್ಷಸನೋ ಬೇಟೆಯ ಕಿರಾತನೋ ಎಂದು ಪಳಗಿದ ಪ್ರೇಕ್ಷಕ ಹೇಳುತ್ತಾನೆ. ಮುಖ ನೋಡುವ ಮೊದಲೇ ಮನಸ್ಸು ಅವನಿಗೆ ಜಾಗ ಮಾಡಿಕೊಟ್ಟಿರುತ್ತದೆ.

ಹೆದರಿಸುವ ಗೇಮುಗಳು ಇದನ್ನೇ ಆಧರಿಸಿ ನಿಂತಿವೆ. 1999ರ ‘ಸೈಲೆಂಟ್ ಹಿಲ್’ನಲ್ಲಿ ಮಂಜು ಕವಿದ ಊರು. ಎದುರಿನ ನಾಲ್ಕು ಮಾರು ಸಹ ಕಾಣದು. ನಾಯಕನ ಜೇಬಿನಲ್ಲಿರುವ ರೇಡಿಯೊ ಭೂತ ಹತ್ತಿರ ಬಂದಾಗ ಕರಕರ ಎನ್ನುತ್ತದೆ. ಅಕಿರಾ ಯಮಾವೊಕಾ ಕಟ್ಟಿದ ಸಂಗೀತವೂ ಯಂತ್ರದ ಗೊರಕೆಯಂತೆ ಸುತ್ತುವರಿದಿದೆ. ಯಾವುದು ಸಂಗೀತ, ಯಾವುದು ರೇಡಿಯೊ, ಯಾವುದು ನಿಜವಾದ ಹೆಜ್ಜೆ ಎಂದು ಕಿವಿ ತಡಕಾಡುತ್ತದೆ. ಇದಕ್ಕೆ ವಿರುದ್ಧವಾದದ್ದು 1996ರ ‘ರೆಸಿಡೆಂಟ್ ಈವಿಲ್’ನ ಒಂದು ಕೋಣೆ. ಆಟವನ್ನು ಉಳಿಸಿಟ್ಟುಕೊಳ್ಳುವ ಆ ಕೋಣೆಗೆ ಕಾಲಿಟ್ಟರೆ ಮೆಲುವಾದ ಒಂದು ಧಾಟಿ. ಇಲ್ಲಿ ಯಾರೂ ಬರುವುದಿಲ್ಲ, ಕೂತುಕೋ ಎಂದು ಅದು ಹೇಳುತ್ತದೆ. ಆಡಿದವರು ವರ್ಷಗಳಾದ ಮೇಲೂ ಆ ಧಾಟಿ ಕೇಳಿ ಉಸಿರು ಬಿಡುತ್ತಾರೆ.

ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಯಕ್ಷಗಾನದಲ್ಲಿ ಒಂದೊಂದು ಪಾತ್ರಕ್ಕೆ ಅದರದೇ ಆದ ಧಾಟಿ ಇರುವುದಿಲ್ಲ, ವೇಷದ ಜಾತಿಗೆ ತಕ್ಕ ನಡೆ ಇರುತ್ತದೆ. ಕರ್ಣನಿಗೆ ಹಾಡಿದ ರಾಗ ತಾಳದಲ್ಲೇ ನಾಳೆ ಇನ್ನೊಬ್ಬ ವೀರನ ಪದ್ಯ ಬರಬಹುದು. ಗೇಮುಗಳು ಪಾಶ್ಚಾತ್ಯ ಆಪೆರಾದ ದಾರಿ ಹಿಡಿದು ಒಂದೊಂದು ಪಾತ್ರಕ್ಕೆ ಒಂದೊಂದು ಸ್ವರಗುರುತು ಕೊಟ್ಟವು. ಇದರಿಂದ ಅವುಗಳಿಗೆ ನೆನಪಿನ ಶಕ್ತಿ ಬಂತು. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ಹೂ ಮಾರುವ ಏರಿತ್ ಎಂಬ ಹುಡುಗಿ ಇದ್ದಾಳೆ. ನೊಬುವೊ ಉಯೆಮಾತ್ಸು ಅವಳಿಗೊಂದು ಮೆಲ್ಲನೆಯ ಧಾಟಿ ಕೊಟ್ಟಿದ್ದಾರೆ. ಕಥೆಯ ನಡುವೆ ಅವಳು ಕೊಲೆಯಾಗುತ್ತಾಳೆ, ಮರುಗಳಿಗೆಯೇ ಯುದ್ಧ. ಆ ಆಟದಲ್ಲಿ ಯುದ್ಧ ಶುರುವಾದರೆ ಯುದ್ಧದ ಸಂಗೀತ ಬರುವುದು ನಿಯಮ. ಅಲ್ಲಿ ಬರುವುದಿಲ್ಲ. ಅವಳ ಧಾಟಿಯೇ ಮುಂದುವರಿಯುತ್ತದೆ. ಕೈಬೆರಳು ಗುಂಡಿ ಒತ್ತುತ್ತಿರುತ್ತದೆ, ಕತ್ತಿ ಬೀಸುತ್ತಿರುತ್ತದೆ, ಕಿವಿಯಲ್ಲಿ ಸತ್ತವಳು ಇನ್ನೂ ನಡೆಯುತ್ತಿರುತ್ತಾಳೆ. ಗೇಮಿನ ಸಂಗೀತಕ್ಕೆ ಅರ್ಥವೆಲ್ಲಿದೆ ಎಂದು ಕೇಳುವವರಿಗೆ ಈ ಎರಡು ಮೂರು ನಿಮಿಷ ಕೇಳಿಸಿದರೆ ಸಾಕು. ಸಿನಿಮಾದಲ್ಲಿ ಇದನ್ನು ನೋಡಿ ಅಳಬಹುದು. ಇಲ್ಲಿ ಅಳುತ್ತಲೇ ಕಾದಾಡಬೇಕು.

ಮೌನ

ಮೌನವೂ ಹಿಮ್ಮೇಳದ ಭಾಗವೇ. ಪದ್ಯ ಮುಗಿದು ವೇಷಧಾರಿ ಅರ್ಥಕ್ಕೆ ತೊಡಗಿದಾಗ ಚಂಡೆ ಮದ್ದಳೆ ಸುಮ್ಮನಾಗುತ್ತವೆ, ಶ್ರುತಿಯೊಂದು ತೆಳುವಾಗಿ ಉಳಿಯುತ್ತದೆ. ಆ ಮೌನದಲ್ಲಿ ಮಾತಿಗೆ ತೂಕ ಬರುತ್ತದೆ. ಇಂದು ಭಟ್ಕಳದ ಓಣಿಯಲ್ಲಿರಲಿ ಕುಮಟಾ ಕಾಲೇಜಿನ ಕಟ್ಟೆಯಲ್ಲಿರಲಿ ಹುಡುಗರ ಕೈಯಲ್ಲಿ ಕಾಣುವ ಪಬ್ಜಿ ಬಗೆಯ ಆಟಗಳಲ್ಲಿ ಈ ಮೌನ ಬೇರೆ ಕಾರಣಕ್ಕೆ ಬಂದಿದೆ. ಪಬ್ಜಿ ಮೊಬೈಲ್ ಭಾರತದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು, 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿತು. ಅದರ ಅಂಗಳದಲ್ಲಿ ಗೆಳೆಯರು ಸೇರುವ ತನಕ ಸಂಗೀತ ಮೊಳಗುತ್ತದೆ. ನಿಜವಾದ ಕಾಳಗ ಶುರುವಾದ ಮೇಲೆ ಇಲ್ಲ. ಹುಲ್ಲಿನ ಮೇಲಿನ ಹೆಜ್ಜೆ, ದೂರದ ಜೀಪು, ಮಹಡಿಯ ಮೇಲೆ ಬಾಗಿಲು ತೆರೆದದ್ದು, ಇವುಗಳನ್ನು ಕೇಳಿಸಿಕೊಂಡವನು ಬದುಕುತ್ತಾನೆ. ಇಯರ್‌ಫೋನ್ ಹಾಕಿಕೊಂಡು ಕತ್ತು ಬಗ್ಗಿಸಿದ ಹುಡುಗ ಏನೂ ಕೇಳಿಸುತ್ತಿಲ್ಲವೆಂಬಂತೆ ಕಂಡರೂ ಅವನಷ್ಟು ಗಮನವಿಟ್ಟು ಕೇಳುತ್ತಿರುವವರು ಆ ಕಟ್ಟೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಬಸ್ಸಿನಲ್ಲಿ, ಕೊಂಕಣ ರೈಲಿನಲ್ಲಿ ಸದ್ದು ಪೂರ್ತಿ ಮುಚ್ಚಿ ಆಡುವವರೂ ಬಹಳ. ಮೊಬೈಲ್ ಆಟಗಳನ್ನು ಮಾಡುವವರು ಇದನ್ನು ತಿಳಿದೇ ಸದ್ದಿಲ್ಲದೆಯೂ ನಡೆಯುವಂತೆ ಆಟ ಕಟ್ಟುತ್ತಾರೆ. ಹೀಗೆ ಕಟ್ಟಿದ ಆಟಗಳಲ್ಲಿ ಸಂಗೀತ ಅಲಂಕಾರಕ್ಕಿಳಿದಿದೆ. ಚಂಡೆ ಮುಚ್ಚಿಟ್ಟು ಆಟ ನೋಡಿ ಎಂದರೆ ಕೆರೆಮನೆಯ ಅಂಗಳದಲ್ಲಿ ಯಾರು ಒಪ್ಪುತ್ತಾರೆ?

ಗೆಜ್ಜೆ

ವೇಷಧಾರಿ ಹಿಮ್ಮೇಳಕ್ಕೆ ಕುಣಿಯುತ್ತಾನಷ್ಟೇ ಅಲ್ಲ, ಅವನ ಕಾಲಿನ ಗೆಜ್ಜೆಯೂ ಹಿಮ್ಮೇಳಕ್ಕೆ ಒಂದು ವಾದ್ಯ. ಗೇಮುಗಳಲ್ಲಿ ಆಟಗಾರ ಸಂಗೀತದ ಪಾಲುದಾರನಾದ ಉದಾಹರಣೆಗಳು ಹಲವು. 1996ರ ‘ಪರಪ್ಪ ದ ರ್‍ಯಾಪರ್’, 1998ರ ‘ಡಾನ್ಸ್ ಡಾನ್ಸ್ ರೆವಲ್ಯೂಶನ್’, 2005ರ ‘ಗಿಟಾರ್ ಹೀರೊ’ ಇವುಗಳಲ್ಲಿ ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವುದು ಅಥವಾ ಹೆಜ್ಜೆ ಇಡುವುದೇ ಆಟ. ‘ಒಕರಿನಾ ಆಫ್ ಟೈಮ್’ನಲ್ಲಿ ನಾಯಕನ ಕೈಯಲ್ಲಿರುವ ಮಣ್ಣಿನ ಊದುವಾದ್ಯವನ್ನು ಆಟಗಾರನೇ ನುಡಿಸಬೇಕು. ಐದು ಸ್ವರದ ಗುಂಡಿಗಳು, ಸರಿಯಾದ ಧಾಟಿ ನುಡಿದರೆ ಮಳೆ ಸುರಿಯುತ್ತದೆ, ಹಗಲು ರಾತ್ರಿಯಾಗುತ್ತದೆ. ಇವೆಲ್ಲಕ್ಕಿಂತ ಗೆಜ್ಜೆಗೆ ಹತ್ತಿರವಾದದ್ದು ತೆತ್ಸುಯಾ ಮಿಜುಗುಚಿ ಅವರ 2001ರ ‘ರೆಜ್’. ಅದರಲ್ಲಿ ಗುಂಡು ಹಾರಿಸಿದ ಸದ್ದು ನಡೆಯುತ್ತಿರುವ ತಾಳದ ಪೆಟ್ಟಿಗೆ ಬಂದು ಕೂರುತ್ತದೆ. ಆಟಗಾರನಿಗೆ ತಾಳಜ್ಞಾನ ಇಲ್ಲದಿದ್ದರೂ ಅವನ ಹೊಡೆತಗಳು ಸಂಗೀತವಾಗುತ್ತವೆ. ತಾಳ ತಪ್ಪಿದ ಎಳೆಯ ವೇಷಧಾರಿಯನ್ನು ಅನುಭವಿ ಮದ್ದಳೆಗಾರರು ಒಂದು ಪೆಟ್ಟು ಹೆಚ್ಚು ಹಾಕಿ ಮರಳಿ ದಾರಿಗೆ ತರುವುದುಂಟು. ಜನರಿಗೆ ಗೊತ್ತೇ ಆಗುವುದಿಲ್ಲ.

ಗೇಮ್ ಸಂಗೀತಕ್ಕೆ ಸಿಕ್ಕ ಮನ್ನಣೆಯ ಮಾತನ್ನು ಚಿಕ್ಕದಾಗಿ ಹೇಳಬಹುದು. ಕೊಯಿಚಿ ಸುಗಿಯಾಮ ಅವರ ‘ಡ್ರ್ಯಾಗನ್ ಕ್ವೆಸ್ಟ್’ ಸಂಗೀತ 1987ರಲ್ಲೇ ಟೋಕಿಯೊದ ಸಭಾಂಗಣದಲ್ಲಿ ಕಛೇರಿಯಾಯಿತು. ‘ಸಿವಿಲೈಸೇಶನ್ 4’ಕ್ಕಾಗಿ ಕ್ರಿಸ್ಟೊಫರ್ ಟಿನ್ ರಚಿಸಿದ ಸ್ವಾಹಿಲಿ ಹಾಡಿಗೆ 2011ರಲ್ಲಿ ಗ್ರಾಮಿ ಬಂತು, ಗೇಮಿನ ಸಂಗೀತವೊಂದಕ್ಕೆ ಅದು ಮೊದಲ ಗ್ರಾಮಿ. 2012ರ ‘ಜರ್ನಿ’ಯ ಆಸ್ಟಿನ್ ವಿಂಟರಿ ಗ್ರಾಮಿಯ ನಾಮನಿರ್ದೇಶನ ಪಡೆದರು. 2023ರಿಂದ ಗೇಮ್ ಸಂಗೀತಕ್ಕೆ ಗ್ರಾಮಿಯಲ್ಲಿ ಪ್ರತ್ಯೇಕ ವಿಭಾಗವಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೇಶದೇಶಗಳ ಕ್ರೀಡಾಳುಗಳು ಗೇಮುಗಳ ಧಾಟಿಗೆ ಹೆಜ್ಜೆ ಹಾಕಿ ಕ್ರೀಡಾಂಗಣದೊಳಗೆ ಬಂದರು.

ಈ ನೆಲದ ಸದ್ದು

ಭಾರತದಲ್ಲಿ ಗೇಮ್ ತಯಾರಿಕೆಯ ಹಳೆಯ ಹೆಸರುಗಳಲ್ಲೊಂದು ಬೆಂಗಳೂರಿನದು. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಬೆಳೆಯಿತು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ನಮ್ಮವರ ಕೈ ಜಗತ್ತಿನ ಆಟಗಳ ಚಿತ್ರಗಳಲ್ಲಿ ಇದೆ, ಕಿವಿ ಇನ್ನೂ ಅಷ್ಟಾಗಿ ಸೇರಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ನಮ್ಮ ಪುರಾಣಗಳ ಮೇಲೆ ನಿಂತ ಚೆಲುವಾದ ಆಟ. ಅದರ ಸಂಗೀತ ಗ್ರೀಸ್ ದೇಶದ ಲಿನೊಸ್ ಟ್ಜೆಲೊಸ್ ಅವರದು, ನಮ್ಮ ವಾದ್ಯಗಳನ್ನು ಗೌರವದಿಂದಲೇ ಬಳಸಿದ್ದಾರೆ. ದುರ್ಗೆ ಮಹಿಷರ ಕಥೆಯನ್ನು ಇರುಳಿಡೀ ನುಡಿಸಿದ ಹಿಮ್ಮೇಳದವರು ಇಷ್ಟೊಂದು ಜನ ಇರುವ ನಾಡಿನಿಂದ ಅಂಥ ಆಟಕ್ಕೆ ಒಂದು ಚಂಡೆಯ ಪೆಟ್ಟಾದರೂ ಹೋಗಬೇಕು ಎಂಬ ಆಸೆ ಸಹಜ.

ಹೋಗುವುದಾದರೆ ದಾರಿ ಹೇಗೆ? ಪದರದ ವಿಧಾನ ಇದಕ್ಕೆ ಒದಗುತ್ತದೆ. ಒಂದು ತಾಳ ಹಿಡಿದು, ಏಕವೋ ಝಂಪೆಯೋ ಅಷ್ಟವೋ, ಒಂದೇ ಶ್ರುತಿಯಲ್ಲಿ ಮದ್ದಳೆಯನ್ನು ಬೇರೆ, ಚಂಡೆಯನ್ನು ಬೇರೆ, ತಾಳವನ್ನು ಬೇರೆ, ಭಾಗವತರ ಕಂಠವನ್ನು ಬೇರೆ ಮುದ್ರಿಸಬೇಕು. ಬಿಡ್ತಿಗೆಗಳನ್ನೂ ಮುಕ್ತಾಯಗಳನ್ನೂ ಚಿಕ್ಕ ತುಂಡುಗಳಾಗಿ ಎತ್ತಿಡಬೇಕು. ಐಮ್ಯೂಸ್‌ನಂಥ ವ್ಯವಸ್ಥೆಗೆ ಬೇಕಾದ ಸಂಪರ್ಕದ ತುಂಡುಗಳು ಯಕ್ಷಗಾನದಲ್ಲಿ ಸಿದ್ಧವಾಗಿಯೇ ಇವೆ. ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ಸುಗ್ಗಿಯಲ್ಲಿ ಬಾರಿಸುವ ಗುಮಟೆ, ಮಡಕೆಯ ಬಾಯಿಗೆ ಚರ್ಮ ಬಿಗಿದ ಆ ವಾದ್ಯದ ಗುಂಯ್‌ಗುಡುವ ಮಂದ್ರ, ಹಳ್ಳಿಯ ಹಗಲಿನ ಪದರವಾಗಬಹುದು. ತೊಡಕಿರುವುದು ಬೇರೆ ಕಡೆ. ಹಿಮ್ಮೇಳದವರಿಗೆ ಎದುರು ವೇಷವಿಲ್ಲದೆ ನುಡಿಸಿ ಅಭ್ಯಾಸವಿಲ್ಲ. ಗಾಜಿನ ಕೋಣೆಯಲ್ಲಿ, ಕಿವಿಗೆ ಟಿಕ್‌ಟಿಕ್ ಕೊಟ್ಟು, ಚಂಡೆ ಒಂದನ್ನೇ ಹೊಡೆಯಿರಿ ಎಂದರೆ ಪೆಟ್ಟು ಸರಿಯಾಗಿ ಬರುತ್ತದೆ, ಉಸಿರು ಬರುವುದಿಲ್ಲ. ಆದ್ದರಿಂದ ಕೋಣೆಯೊಳಗೆ ಒಬ್ಬ ವೇಷಧಾರಿಯನ್ನೂ ನಿಲ್ಲಿಸಬೇಕು. ವೇಷ ಬೇಡ, ಲುಂಗಿಯಲ್ಲಿದ್ದರೂ ಆದೀತು, ಕಾಲಿಗೆ ಗೆಜ್ಜೆ ಕಟ್ಟಿ ಅವನು ಕುಣಿಯಲಿ. ಗೆಜ್ಜೆಯ ಸದ್ದು ಮೈಕಿಗೆ ನುಸುಳುತ್ತದೆ ಎಂದು ಧ್ವನಿಮುದ್ರಕ ತಕರಾರು ಮಾಡಬಹುದು. ನುಸುಳಲಿ.

ಆಟ ಮುಗಿಯುವ ಬಗೆಯಲ್ಲೂ ಗೇಮಿಗೂ ಯಕ್ಷಗಾನಕ್ಕೂ ಅಂತರವಿದೆ. ಗೇಮಿನಲ್ಲಿ ಸೋತವನಿಗೆ ಒಂದು ಧಾಟಿ ಇರುತ್ತದೆ. ಮಾರಿಯೊ ಹಳ್ಳಕ್ಕೆ ಬಿದ್ದಾಗ ಕೇಳುವ ನಾಲ್ಕಾರು ಸ್ವರಗಳನ್ನು ಜಗತ್ತಿನ ಕೋಟಿಗಟ್ಟಲೆ ಮಕ್ಕಳು ಗುನುಗಬಲ್ಲರು. ಯಕ್ಷಗಾನದಲ್ಲಿ ಸೋತವನಿಗೆ ಬೇರೆ ಸಂಗೀತವಿಲ್ಲ. ಕೀಚಕ ಸತ್ತು ಬಿದ್ದ ಮೇಲೆ ಎದ್ದು ಚೌಕಿಗೆ ನಡೆಯುತ್ತಾನೆ, ಭೀಮನೂ ಬರುತ್ತಾನೆ, ಬಣ್ಣ ತೆಗೆಯಲು ಕೂರುತ್ತಾರೆ. ಹೊರಗೆ ಮೂಡಣ ಬಿಳುಪೇರುತ್ತಿರುತ್ತದೆ, ಜನ ಚಾಪೆ ಸುತ್ತುತ್ತಿರುತ್ತಾರೆ. ಭಾಗವತರು ಮಂಗಳ ಹಾಡುತ್ತ ರಂಗಸ್ಥಳದಿಂದ ಇಳಿದು, ಮದ್ದಳೆಯವರನ್ನು ಹಿಂದಿಟ್ಟುಕೊಂಡು ಚೌಕಿಯ ಗಣಪತಿಯ ಮುಂದೆ ಬಂದು ನಿಲ್ಲುತ್ತಾರೆ. ಹಿಂದಿನ ಸಂಜೆ ಮೊದಲ ಪದ್ಯ ಹೇಳಿದ್ದೂ ಅಲ್ಲಿಯೇ. ದೀಪ ಉರಿಯುತ್ತಿರುತ್ತದೆ. ತಾಳ ಕೊನೆಯ ಸಲ ಕೂಡುತ್ತದೆ.